ಬಾಕಿ ಬಿದ್ದ ಕಡತಗಳನ್ನು ಮತ್ತೆ ಕೈಗೆತ್ತಿಕೊಳ್ಳುವ ಬಗೆ

ಚುನಾವಣಾ ಕರ್ತವ್ಯ, ಗಣತಿ, ದೀರ್ಘ ರಜೆ ಅಥವಾ ಸುಮ್ಮನೆ ಕವಿದ ಬೇಸರ, ಇವುಗಳಲ್ಲಿ ಯಾವುದೋ ಒಂದು ಕಾರಣದಿಂದ ಸರ್ಕಾರಿ ಕಚೇರಿಯ ವಿಷಯ ನಿರ್ವಾಹಕರ (ಕಡತಗಳನ್ನು ನಿರ್ವಹಿಸುವ ನೌಕರರ) ಕೆಲಸ ಒಂದೆರಡು ತಿಂಗಳು ಕುಂಟುವುದು ಅಪರೂಪವೇನಲ್ಲ. ಆಮೇಲೆ ಕುರ್ಚಿಯಲ್ಲಿ ಕುಳಿತಾಗ ಕಡತಗಳು ಹೆಚ್ಚಾಗಿರುವುದಕ್ಕಿಂತಲೂ, ಯಾವುದು ಎಲ್ಲಿ ನಿಂತಿದೆ ಎಂಬುದು ಮರೆತುಹೋಗಿರುವುದೇ ದೊಡ್ಡ ತೊಡಕಾಗುತ್ತದೆ.

ಆದ್ದರಿಂದ ಮೊದಲ ದಿನ ಟಿಪ್ಪಣಿ (ಮೇಲಧಿಕಾರಿಯ ಆದೇಶಕ್ಕಾಗಿ ಕಡತದಲ್ಲಿ ಮಂಡಿಸುವ ಬರಹ) ಬರೆಯಲು ಹೋಗದೆ ಪಟ್ಟಿ ಮಾಡಿ. ಕಂಪ್ಯೂಟರಿನಲ್ಲಿ ಕಡತ ನಡೆಸುವ ಇ-ಕಚೇರಿಯಲ್ಲಿ ನಿಮ್ಮ ಹೆಸರಿನಲ್ಲಿರುವ ಕಡತಗಳು, ಮೇಜಿನ ಮೇಲಿನ ಕಟ್ಟುಗಳು, ಡ್ರಾಯರಿನಲ್ಲಿ ಉಳಿದ ಬಿಡಿ ಟಪಾಲು, ಎಲ್ಲವೂ ಪಟ್ಟಿಗೆ ಬರಲಿ. ಕಡತದ ಸಂಖ್ಯೆ, ಕೊನೆಯದಾಗಿ ಆದ ಕ್ರಮ ಮತ್ತು ಅದರ ದಿನಾಂಕ, ಈಗ ಯಾರ ಉತ್ತರಕ್ಕಾಗಿ ಕಾಯುತ್ತಿದೆ, ಮುಂದೆ ಮಾಡಬೇಕಾದ ಒಂದು ಕೆಲಸ, ಈ ನಾಲ್ಕು ಕಾಲಂ ಸಾಕು. ಕೊನೆಯ ಕಾಲಮಿನಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಮಾತ್ರ ಬರೆಯಬೇಡಿ. ಹಾಗೆ ಬರೆದ ಕಡತ ಮುಂದಿನ ತಿಂಗಳ ಪಟ್ಟಿಯಲ್ಲೂ ಅಲ್ಲಿಯೇ ಇರುತ್ತದೆ. ‘ತಹಶೀಲ್ದಾರರಿಗೆ ನೆನಪೋಲೆ’, ‘ಅರ್ಜಿದಾರರಿಗೆ ಹಿಂಬರಹ (ಕಚೇರಿಯ ಲಿಖಿತ ಉತ್ತರ)’ ಎಂಬಂತೆ ಕೈಯಿಂದ ಮಾಡಬಹುದಾದ ಕೆಲಸವನ್ನು ನಮೂದಿಸಿ.

ಪಟ್ಟಿಯಾದ ಮೇಲೆ, ಕಾನೂನೇ ಗಡುವು ಹಾಕಿರುವ ಕಡತಗಳನ್ನು ಬೇರೆ ತೆಗೆಯಿರಿ. 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಬಂದ ಅರ್ಜಿಗೆ 30 ದಿನಗಳೊಳಗೆ ಉತ್ತರ ಹೋಗಬೇಕು. ವಿಷಯ ಬೇರೆ ಪ್ರಾಧಿಕಾರಕ್ಕೆ ಸೇರಿದ್ದರೆ ಅರ್ಜಿಯನ್ನು 5 ದಿನಗಳೊಳಗೆ ವರ್ಗಾಯಿಸಬೇಕು. ಅವಧಿ ಈಗಾಗಲೇ ಮೀರಿದ್ದರೆ ಮಾಹಿತಿಯನ್ನು ಉಚಿತವಾಗಿಯೇ ಕೊಡಬೇಕಾಗುತ್ತದೆ. ಸಕಾರಣವಿಲ್ಲದ ವಿಳಂಬಕ್ಕೆ ಮಾಹಿತಿ ಆಯೋಗ ವಿಧಿಸುವ ದಿನಕ್ಕೆ 250 ರೂಪಾಯಿಯ ದಂಡ 25,000 ರೂಪಾಯಿವರೆಗೆ ಬೆಳೆಯಬಹುದು, ಅದೂ ಮಾಹಿತಿ ಅಧಿಕಾರಿಯ ಸ್ವಂತ ಜೇಬಿನಿಂದ. ಸಿವಿಲ್ ದಾವೆಯಲ್ಲಿ ಸಮನ್ಸ್ ಜಾರಿಯಾದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಬೇಕಾದ್ದರಿಂದ, ಸರ್ಕಾರಿ ವಕೀಲರಿಗೆ ಕಂಡಿಕೆವಾರು (ಪ್ಯಾರಾವಾರು) ಉತ್ತರ ಕಳುಹಿಸುವುದು ನಾಳೆಗೆ ಬಿಡುವ ಕೆಲಸವಲ್ಲ. ಸಾರ್ವಜನಿಕರಿಗೆ ಕಾಲಮಿತಿಯಲ್ಲಿ ಕೊಡಬೇಕಾದ ಸಕಾಲ ಸೇವೆಗಳಿಗೂ ಒಂದೊಂದಕ್ಕೆ ಒಂದೊಂದು ಅವಧಿ ನಿಗದಿಯಾಗಿದೆ. ಇವು ಮುಗಿಯುವವರೆಗೆ ಉಳಿದವು ಕಾಯಲಿ.

ಅನಂತರ ಸಣ್ಣವನ್ನು ಒಟ್ಟಿಗೆ ಮುಗಿಸಿ. ಬಾಕಿಯೆಂದು ಕಾಣುವ ಕಡತಗಳಲ್ಲಿ ಬಹಳಷ್ಟು ಬೇರೊಂದು ಕಚೇರಿಯ ವರದಿಗಾಗಿ ನಿಂತಿರುತ್ತವೆ. ಅಲ್ಲಿನ ವಿಷಯ ನಿರ್ವಾಹಕರಿಗೆ ಮೊದಲು ಫೋನ್ ಮಾಡಿ, ನೆನಪೋಲೆಯೊಂದಿಗೆ ಹಿಂದಿನ ಪತ್ರದ ಪ್ರತಿಯನ್ನೂ ತಪ್ಪದೆ ಲಗತ್ತಿಸಿ. ‘ಸಾರ್, ಆ ಪತ್ರ ನಮಗೆ ಬಂದೇ ಇಲ್ಲ’ ಎಂಬ ಉತ್ತರಕ್ಕೆ ಆಗ ಅವಕಾಶವಿರುವುದಿಲ್ಲ.

ಇಷ್ಟಾದರೂ ಕೈ ಹಾಕಲು ಮನಸ್ಸಾಗದ ಒಂದೆರಡು ಕಡತಗಳು ಉಳಿದೇ ಉಳಿಯುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ಕೆಲಸವನ್ನೂ ಹಿಂದಕ್ಕೆ ಎಳೆದಿರುವುದು ಹೆಚ್ಚಾಗಿ ಅವೇ. ಅನುಕಂಪದ ನೇಮಕಾತಿಯ ಕಡತವೊಂದನ್ನು ತೆಗೆದುಕೊಳ್ಳಿ: ಮೃತ ನೌಕರರ ಮಗಳ ಅರ್ಜಿಯಿದೆ, ವಂಶವೃಕ್ಷದಲ್ಲಿರುವ ಒಂದು ಹೆಸರು ಸೇವಾ ಪುಸ್ತಕದಲ್ಲಿ ಇಲ್ಲ, ತಾಯಿಯ ಒಪ್ಪಿಗೆ ಪತ್ರದಲ್ಲಿ ಸಹಿ ಇದ್ದರೂ ದಿನಾಂಕ ಇಲ್ಲ. ಎಲ್ಲವೂ ಸರಿಯಾದ ಮೇಲೆ ಟಿಪ್ಪಣಿ ಬರೆಯೋಣವೆಂದು ಕಾದರೆ ಅದು ಎಂದಿಗೂ ಏಳುವುದಿಲ್ಲ. ಮೊದಲ ಕಂಡಿಕೆಯಲ್ಲಿ ಅರ್ಜಿದಾರರು ಕೋರಿರುವುದೇನು, ಎರಡನೆಯದರಲ್ಲಿ ಯಾವ ದಾಖಲೆ ಯಾವ ಪುಟದಲ್ಲಿದೆ, ಮೂರನೆಯದರಲ್ಲಿ ಅನ್ವಯಿಸುವ ನಿಯಮ ಯಾವುದು, ನಾಲ್ಕನೆಯದರಲ್ಲಿ ಹೊಂದಿಕೆಯಾಗದ ಅಂಶಗಳೇನು ಎಂದು ಬರೆದು, ‘ಮುಂದಿನ ಕ್ರಮದ ಬಗ್ಗೆ ಮಾರ್ಗದರ್ಶನ ಕೋರಿ ಮಂಡಿಸಿದೆ’ ಎಂದು ಅಧೀಕ್ಷಕರಿಗೆ ಕಳುಹಿಸಿ. ತೀರ್ಮಾನವಿಲ್ಲದ ಟಿಪ್ಪಣಿ ಮಂಡಿಸಬಾರದೆಂಬ ಅಂಜಿಕೆ ಅನೇಕರಿಗಿದೆ. ಸಂದೇಹವನ್ನು ಸ್ಪಷ್ಟವಾಗಿ ಹೇಳಿದ ಟಿಪ್ಪಣಿಯ ಮೇಲೆ ಮೇಲಧಿಕಾರಿ ಆದೇಶ ಮಾಡಬಲ್ಲರು, ಬರೆಯದೇ ಇರುವ ಟಿಪ್ಪಣಿಯ ಮೇಲೆ ಮಾಡಲಾರರು. ಅರ್ಜಿದಾರರಿಂದ ದಾಖಲೆ ಬೇಕಿದ್ದರೆ ಕೊರತೆಗಳನ್ನೆಲ್ಲ ಒಂದೇ ಹಿಂಬರಹದಲ್ಲಿ ತಿಳಿಸಿ. ಇಂದು ಒಂದು, ಮುಂದಿನ ವಾರ ಇನ್ನೊಂದು ಎಂದು ಕೇಳಿ ಆ ಹೆಣ್ಣುಮಗಳನ್ನು ಬಸ್ಸಿನಲ್ಲಿ ಅಲೆದಾಡಿಸುವುದು ಅನ್ಯಾಯ.

ತಡವಾದ ಪತ್ರಕ್ಕೆ ಹಿಂದಿನ ದಿನಾಂಕ ಹಾಕುವ ಚಾಳಿ ಕೆಲವರಿಗಿದೆ. ಇ-ಕಚೇರಿಯಲ್ಲಿ ಪ್ರತಿ ಚಲನವಲನದ ದಿನಾಂಕವೂ ಗಂಟೆಯೂ ತಾನಾಗಿ ದಾಖಲಾಗುತ್ತವೆ. ಕಾಗದದ ಕಡತದಲ್ಲಾದರೂ ರವಾನೆ ವಹಿ ನಿಜ ಹೇಳುತ್ತದೆ. ವಿಳಂಬ ಶಿಸ್ತುಕ್ರಮಕ್ಕೆ ಎಡೆ ಮಾಡಬಹುದು, ದಿನಾಂಕ ತಿದ್ದುವುದು ಅದಕ್ಕಿಂತ ಬಹಳ ದೊಡ್ಡ ಆರೋಪವಾಗುತ್ತದೆ. ತಡವಾಗಿದ್ದರೆ ತಡವಾಗಿದೆಯೆಂದೇ ಬರೆದು ಕಾರಣ ನಮೂದಿಸಿ.

ಪಟ್ಟಿಯೊಂದಿಗೆ ಅಧೀಕ್ಷಕರನ್ನು ನೀವಾಗಿಯೇ ಕಾಣುವುದೂ ಅಷ್ಟೇ ಮುಖ್ಯ. ‘ಸಾರ್, ನನ್ನಲ್ಲಿ ಇಷ್ಟು ಬಾಕಿ ಇದೆ, ಈ ವಾರ ಇವನ್ನು ಮಂಡಿಸುತ್ತೇನೆ, ಈ ಎರಡರ ಬಗ್ಗೆ ತಮ್ಮೊಂದಿಗೆ ಚರ್ಚಿಸಬೇಕಿದೆ’ ಎಂದರೆ ಸಾಕು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಲ್ಲರೆದುರು ಕೇಳಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಹಳೆಯದನ್ನು ತೀರಿಸುವ ಭರದಲ್ಲಿ ಇಂದಿನ ಟಪಾಲು ಹೊಸ ಬಾಕಿಯಾಗದಂತೆ, ಸಾರ್ವಜನಿಕರು ಬರುವ ಮುನ್ನಿನ ಬೆಳಗಿನ ವೇಳೆಯನ್ನು ಹಳೆಯ ಕಡತಗಳಿಗೆ ಇಟ್ಟು, ಬಂದ ಟಪಾಲನ್ನು ಸಂಜೆಯೊಳಗೆ ಆಯಾ ಕಡತಕ್ಕೆ ಸೇರಿಸಿಬಿಡಿ. ಹೀಗೆ ಒಂದು ತಿಂಗಳು ನಡೆಸಿದ ಮೇಲೂ ಪಟ್ಟಿ ಕುಗ್ಗದಿದ್ದರೆ ತೊಂದರೆ ಇರುವುದು ಕೆಲಸದ ಹಂಚಿಕೆಯಲ್ಲಿ. ಎರಡೂ ತಿಂಗಳ ಪಟ್ಟಿಗಳನ್ನು ಲಗತ್ತಿಸಿ, ವಿಷಯಗಳನ್ನು ಮರುಹಂಚಿಕೆ ಮಾಡುವಂತೆ ಲಿಖಿತವಾಗಿಯೇ ಕೋರಿ.