ಹಳೇ ಮಿರರ್ ಲೆನ್ಸ್ ಕೊಳ್ಳುವ ಯೋಚನೆ ಇದೆಯಾ?

ಹಕ್ಕಿ, ಚಂದ್ರನ ಫೋಟೋ ತೆಗೆಯುವ ಆಸೆ ಇದೆ, ದೊಡ್ಡ ಟೆಲಿ ಲೆನ್ಸ್‌ಗೆ ದುಡ್ಡಿಲ್ಲ ಅನ್ನುವವರು ಸೆಕೆಂಡ್ ಹ್ಯಾಂಡ್ 500 ಎಂಎಂ ಮಿರರ್ ಲೆನ್ಸ್ ನೋಡಬಹುದು. ಒಳಗಿನ ಕನ್ನಡಿಗಳು ಬೆಳಕಿನ ದಾರಿಯನ್ನು ಮಡಚುವುದರಿಂದ ಇದು ಗಿಡ್ಡ, ಹಗುರ.

ಕೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ ಲೆನ್ಸ್ ಒಳಗೆ ನೋಡಿ. ಸ್ವಲ್ಪ ಧೂಳಿದ್ದರೆ ಪರವಾಗಿಲ್ಲ. ಕನ್ನಡಿಯಲ್ಲಿ ಫಂಗಸ್ ಕಂಡರೆ ಎಷ್ಟೇ ಅಗ್ಗವಾದರೂ ಸುಮ್ನೆ ಬಿಟ್ಟುಬಿಡಿ. ನಿಕಾನ್ 500 ರಿಫ್ಲೆಕ್ಸ್ ಆದರೆ ಹಿಂಭಾಗದ 39 ಎಂಎಂ ಫಿಲ್ಟರ್ ಇದೆಯಾ ಅಂತಲೂ ಕೇಳಿ. ಅದೂ ಲೆನ್ಸ್‌ನ ಭಾಗವೇ.

ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಸಾಮಾನ್ಯವಾಗಿ ಎಫ್/8ಕ್ಕೇ ಫಿಕ್ಸ್, ಹಿಗ್ಗಿಸಿ ಹೆಚ್ಚು ಬೆಳಕು ಬಿಡುವಂತಿಲ್ಲ. ಒಳ್ಳೆ ಬಿಸಿಲಿರಲಿ, ಶಟರ್ ವೇಗ 1/1000 ಸೆಕೆಂಡಿನ ಆಸುಪಾಸು ಇಟ್ಟು ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಧಾರಾಳವಾಗಿ ಏರಿಸಿ. ಅದರಿಂದ ಬರುವ ಗ್ರೇನ್ (ಫೋಟೋದಲ್ಲಿ ಕಾಣುವ ಕಾಳುಕಾಳು) ಸಹಿಸಬಹುದು, ಅಲುಗಿದ ಫೋಟೋ ಅಲ್ಲ!

ಫೋಕಸ್ ಬಹುತೇಕ ಮ್ಯಾನ್ಯುಯಲ್. ಮಿನೋಲ್ಟಾ ಎಎಫ್ 500 ಮಾತ್ರ ಬೇರೆ, ಅದರಲ್ಲಿ ಆಟೋಫೋಕಸ್ ಇದೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಕ್ಕೆ ಲೆನ್ಸ್ ಕೂರಿಸುವ ಅಡಾಪ್ಟರ್ ಹಾಕಿ, ಪರದೆಯಲ್ಲಿ ದೊಡ್ಡದು ಮಾಡಿಕೊಂಡು ರಿಂಗ್ ತಿರುಗಿಸಿ. ರಿಂಗ್ ಇನ್ಫಿನಿಟಿ (ಅತಿ ದೂರದ) ಗುರುತನ್ನು ದಾಟಿಯೂ ತಿರುಗುತ್ತದೆ. ಹಾಗಾಗಿ ಚಂದ್ರನಿಗೂ ಗುರುತು ನಂಬದೆ ಕಣ್ಣಲ್ಲೇ ನೋಡಿ ಹೊಂದಿಸಿ.

ಹಿನ್ನೆಲೆಯಲ್ಲಿ ಎಲೆಗಳ ನಡುವೆ ಬೆಳಕಿದ್ದರೆ ಅದೆಲ್ಲ ಉದ್ದಿನವಡೆಯ ಹಾಗೆ ತೂತಿನ ಉಂಗುರಗಳಾಗಿ ಬರುತ್ತದೆ. ನನಗಂತೂ ಇಷ್ಟವಿಲ್ಲ. ಆಕಾಶವೋ ಕೆರೆ ನೀರಿನ ನೆರಳೋ ಹಿಂದೆ ಬರುವಂತೆ ನಿಂತರೆ ಈ ಕಾಟ ಕಡಿಮೆ.