ಮನೆಗೆ ಹೋಗಿ ನೋಡುವ ಡಾಕ್ಟರಿಗೆ ರೋಗಿಗಳನ್ನು ಕಳಿಸುವವರು ಯಾರು?

ಮನೆಗೇ ಹೋಗಿ ರೋಗಿ ನೋಡುವ ಕೆಲಸ ಶುರು ಮಾಡಿದವರು ಮೊದಲು ಮಾಡಿಸುವುದು ವಿಸಿಟಿಂಗ್ ಕಾರ್ಡ್. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಿಂದ ಧಾರವಾಡದ ಸಪ್ತಾಪುರದವರೆಗೆ ಹಂಚಿ ಬರುತ್ತಾರೆ, ಆಮೇಲೆ ಫೋನ್ ನೋಡುತ್ತಾ ಕೂರುತ್ತಾರೆ. ಕಾರ್ಡ್ ನೋಡಿ ಯಾರು ರೋಗಿ ಕಳಿಸುತ್ತಾರೆ ಹೇಳಿ?

ಮೊದಲು ಏರಿಯಾ ಗೊತ್ತು ಮಾಡಿಕೊಳ್ಳಿ. ವಿದ್ಯಾನಗರ, ಗೋಕುಲ ರಸ್ತೆ, ನವನಗರ ಅಂದರೆ ಸಾಕು. ಹುಬ್ಬಳ್ಳಿ, ಧಾರವಾಡ ಎರಡನ್ನೂ ಒಪ್ಪಿಕೊಂಡರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ.

ಎರಡನೆಯದು, ಎಂಥ ರೋಗಿ ಬೇಕು ಅಂತ ಬಾಯಿಬಿಟ್ಟು ಹೇಳಿ. "ಎಲ್ಲಾರನ್ನೂ ನೋಡ್ತೀನ್ರಿ" ಅಂದವರು ಯಾರ ನೆನಪಲ್ಲೂ ಉಳಿಯುವುದಿಲ್ಲ. ಲಕ್ವಾ ಹೊಡೆದು ಹಾಸಿಗೆ ಹಿಡಿದವರು, ಕ್ಯಾತಿಟರ್ (ಮೂತ್ರದ ನಳಿಕೆ) ಬದಲಿಸಬೇಕಾದವರು, ಮೆಟ್ಟಿಲು ಇಳಿಯಲಾಗದ ಶುಗರ್-ಬಿಪಿ ಅಜ್ಜ-ಅಜ್ಜಿಯರು ಅನ್ನಿ. ಎದೆನೋವು ಬಂದರೆ ನನಗಲ್ಲ, 108ಕ್ಕೆ ಫೋನ್ ಮಾಡಿ ಅನ್ನುವುದನ್ನೂ ಆಗಲೇ ಹೇಳಿಬಿಡಿ.

ಮೂರು, ಭೇಟಿ. ಜನ ಕಿಮ್ಸ್ ಅನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಇರಲಿ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇರಲಿ, ದೊಡ್ಡ ಡಾಕ್ಟರ ಚೇಂಬರ್ ಮುಂದೆ ಕಾಯುವುದಕ್ಕಿಂತ ಡಿಸ್ಚಾರ್ಜ್ ಹೊತ್ತಿಗೆ ವಾರ್ಡಿನಲ್ಲಿರುವ ಸಿಸ್ಟರನ್ನು ಮಾತಾಡಿಸಿ. "ಇನ್ನ ಮನ್ಯಾಗ ಯಾರ್ ನೋಡ್ತಾರ್ರೀ ಅಕ್ಕಾರ?" ಅಂತ ಮನೆಯವರು ಕೇಳುವುದು ಅವರನ್ನೇ. ಫಿಜಿಯೋಥೆರಪಿಸ್ಟ್, ಮನೆಗೆ ಬಂದು ರಕ್ತ ತೆಗೆಯುವ ಲ್ಯಾಬ್ ಹುಡುಗ, ಓಣಿಯ ಮೆಡಿಕಲ್ ಶಾಪಿನವರು, ಇವರನ್ನೂ ಬಿಡಬೇಡಿ.

'ಕಟ್' ಕೊಟ್ಟು ರೋಗಿ ತರಿಸುವ ದಾರಿಯೂ ಇದೆ ಅನ್ನುವವರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ರೋಗಿ ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳು ನಿಷೇಧಿಸಿವೆ. ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯುವುದಕ್ಕೂ ಅದೇ ನಿಯಮ ಅಡ್ಡ ಬರುತ್ತದೆ. ಪ್ರ್ಯಾಕ್ಟೀಸ್ ಶುರುವಾಗಿದೆ, ವಿಳಾಸ ಬದಲಾಗಿದೆ ಅನ್ನುವಂಥ ಕೆಲವು ವಿಷಯ ಪೇಪರಿನಲ್ಲಿ ತಿಳಿಸಬಹುದು, ಅಷ್ಟೇ. ತಿಂಗಳಿಗೆ ಇಷ್ಟು ಲೀಡ್ (ರೋಗಿ ಆಗಬಹುದಾದವರ ಹೆಸರು, ನಂಬರು) ಕೊಡುತ್ತೇವೆ ಅನ್ನುವ ಪ್ಯಾಕೇಜುಗಳಂತೂ ಸುಮ್ನೆ ದುಡ್ಡು ದಂಡ.

ಇನ್ನು ಎಲ್ಲರೂ ಎಡವುವ ಜಾಗ. ಯಾರೋ ಡಾಕ್ಟರು ನಂಬಿ ಒಬ್ಬ ರೋಗಿಯನ್ನು ಕಳಿಸುತ್ತಾರೆ. ಇವರು ಹೋಗಿ ನೋಡುತ್ತಾರೆ, ಫೀ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಕಳಿಸಿದವರಿಗೆ ಸುದ್ದಿಯೇ ಇಲ್ಲ. ಎರಡನೇ ರೋಗಿ ಯಾಕೆ ಬರುತ್ತಾನೆ?

ನೋಡಿ ಬಂದ ದಿನವೇ ಕಳಿಸಿದ ಡಾಕ್ಟರಿಗೆ ಒಂದು ಚೀಟಿ ಹೋಗಬೇಕು. ಒಂದು ಪುಟ ದಾಟಬಾರದು. ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕೂತವರಿಗೆ ಕಾಣದ್ದನ್ನೇ ಬರೆಯಿರಿ: "ಬಿಪಿ 150/90. ಎಡಗಾಲು ಈಗ ಸ್ವಲ್ಪ ಎತ್ತುತ್ತಾರೆ. ಸೊಂಟದ ಕೆಳಗೆ ಚರ್ಮ ಕೆಂಪಾಗಿದೆ, ಒಡೆದಿಲ್ಲ. ಏರ್ ಬೆಡ್ ತರಿಸಲು ಹೇಳಿದ್ದೇನೆ. ರಾತ್ರಿ ನೋಡಿಕೊಳ್ಳುವವರು ಸೊಸೆ ಒಬ್ಬರೇ." ಗುಳಿಗೆ ಡಬ್ಬಿ ತೆರೆಸಿ ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿ. ಒಂದೇ ಔಷಧ ಎರಡು ಕಂಪನಿ ಹೆಸರಲ್ಲಿ ಹೊಟ್ಟೆ ಸೇರುತ್ತಿರಬಹುದು. ಅಂಥದ್ದು ಸಿಕ್ಕರೆ ಚೀಟಿಗೆ ಕಾಯಬೇಡಿ, ಅಲ್ಲಿಂದಲೇ ಫೋನ್ ಮಾಡಿ. ಚೀಟಿ ಕಳಿಸುವ ಮುಂಚೆ ಮನೆಯವರಿಗೂ ತಿಳಿಸಿ. ವಾಟ್ಸಾಪ್ ಆದರೆ ಆ ಡಾಕ್ಟರ ನಂಬರಿಗೆ ಮಾತ್ರ, ಗ್ರೂಪಿಗೆ ಖಂಡಿತಾ ಬೇಡ.

ಕಳಿಸಿದ ಡಾಕ್ಟರು ಬರೆದ ಔಷಧದ ಚೀಟಿ ಹಿಡಿದು "ಇದನ್ನ ಯಾರ್ ಬರದಾರ್ರೀ?" ಅಂತ ಹುಬ್ಬು ಏರಿಸಬೇಡಿ. ಆ ಮಾತು ಸಂಜೆಯೊಳಗೆ ಅವರಿಗೆ ಮುಟ್ಟುತ್ತದೆ. ಮತ್ತೆ ತೋರಿಸಬೇಕಾದಾಗ ರೋಗಿಯನ್ನು ಅವರ ಹತ್ತಿರವೇ ವಾಪಸ್ ಕಳಿಸಿ.

ಕೊನೆಗೆ ಒಂದು ನೋಟ್‌ಬುಕ್: ಯಾರು ಕಳಿಸಿದರು, ಚೀಟಿ ಹೋಯಿತೇ. ಆ್ಯಪ್ ಬೇಡ, ನೂರು ಪುಟದ್ದು ಸಾಕು. ಮೊದಲು ಕಳಿಸುತ್ತಿದ್ದವರು ಈಗ ನಿಲ್ಲಿಸಿದ್ದರೆ, ಅವರ ಹೆಸರಿನ ಮುಂದೆ ಚೀಟಿಯ ಕಾಲಂ ಖಾಲಿ ಇದೆಯೇ ನೋಡಿ.