ಎರಡು ಸಾವಿರದೊಳಗೆ ಒಳ್ಳೆ ಗೇಮಿಂಗ್ ಮೌಸ್: ಆರಿಸುವುದು ಹೇಗೆ?

ಮಂಡ್ಯದಲ್ಲಿರುವ ಅಕ್ಕನ ಮಗ ರಜೆಯಲ್ಲಿ ಮೆಮು ರೈಲು ಹತ್ತಿ ಮೈಸೂರಿಗೆ ಬಂದಿದ್ದ. ಜೇಬಿನಲ್ಲಿ ಎರಡು ಸಾವಿರ ರೂಪಾಯಿ. ಅಜ್ಜಿ ಕೊಟ್ಟಿದ್ದು ಸಾವಿರ, ತಾನು ಕೂಡಿಟ್ಟಿದ್ದು ಸಾವಿರ. ವ್ಯಾಲರಂಟ್ ಅನ್ನೋ ಗುರಿಯಿಟ್ಟು ಹೊಡೆಯುವ ಕಂಪ್ಯೂಟರ್ ಆಟ ಆಡೋಕೆ ಮೌಸ್ ಬೇಕಂತೆ. ದೇವರಾಜ ಅರಸು ರಸ್ತೆ ಕಡೆಯ ಒಂದು ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಅವನ ತೀರ್ಮಾನ ಆಗಿಹೋಗಿತ್ತು.

"ಇದೇ ಇರ್ಲಿ ಕಣ್ ಮಾಮ. ಹನ್ನೆರಡು ಸಾವಿರ ಡಿಪಿಐ. ಏಳು ಬಣ್ಣ ಲೈಟ್ ಬತ್ತದೆ."

ಬೆಲೆ 799.

ಅವತ್ತು ಬೆಳಿಗ್ಗೆ ತಾನೇ ದೇವರಾಜ ಮಾರುಕಟ್ಟೆಯಿಂದ ಈರನಗೆರೆ ಬದನೆಕಾಯಿ ತಂದಿದ್ದೆ. ಒಂದೊಂದನ್ನೂ ತಿರುಗಿಸಿ, ಹುಳದ ತೂತು ಇದೆಯಾ ಅಂತ ನೋಡಿಯೇ ತಕ್ಕಡಿಗೆ ಹಾಕಿದ್ದು. ಅರ್ಧ ಕೆಜಿ ಬದನೆಗೆ ಇಷ್ಟು ಹುಷಾರಾಗಿರುವ ನಾವು ಮೌಸ್ ಅಂದರೆ ಪೆಟ್ಟಿಗೆ ಮೇಲಿನ ಚಿತ್ರ ನೋಡಿ ದುಡ್ಡು ಕೊಟ್ಟುಬಿಡುತ್ತೇವೆ. ನಾನೂ ಹಾಗೇ ಮಾಡಿದವನೇ. ಕೆಲವು ವರ್ಷದ ಹಿಂದೆ 650 ರೂಪಾಯಿಗೆ ಒಂದು ತಂದೆ. ಐದು ತಿಂಗಳಿಗೆ ಎಡಗಡೆ ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಡತೊಡಗಿತು. ಫೈಲ್ ಎಳೆದುಕೊಂಡು ಹೋಗುತ್ತಿದ್ದರೆ ದಾರಿ ಮಧ್ಯೆ ಬಿದ್ದುಹೋಗೋದು. ವಾರಂಟಿ ಕೇಳಿದರೆ ಪೆಟ್ಟಿಗೆ, ಬಿಲ್ ಎರಡೂ ತನ್ನಿ ಅಂದರು. ಪೆಟ್ಟಿಗೆ ಯಾವತ್ತೋ ಗುಜರಿಗೆ ಹೋಗಿತ್ತು.

ಅದಕ್ಕೇ ಹುಡುಗನನ್ನು ಸ್ವಲ್ಪ ತಡೆದು ನಿಲ್ಲಿಸಿದೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈ ಅಳೆಯಿರಿ

ಚಪ್ಪಲಿ ಕೊಳ್ಳುವಾಗ ಕಾಲು ತೂರಿಸಿ ನೋಡದೆ ಯಾರಾದರೂ ದುಡ್ಡು ಕೊಡುತ್ತಾರಾ? ಮೌಸೂ ಹಾಗೇ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಸ್ಕೇಲ್ ಇಡಿ. ಅದರಲ್ಲಿ ನೂರಕ್ಕೆ ಅರವತ್ತರಷ್ಟು ಉದ್ದದ ಮೌಸ್ ಹೆಚ್ಚಿನವರಿಗೆ ಹೊಂದುತ್ತದೆ. ನಮ್ಮ ಹುಡುಗನ ಕೈ 19 ಸೆಂಟಿಮೀಟರ್. ಅಂದರೆ ಹನ್ನೊಂದೂವರೆ ಸೆಂಟಿಮೀಟರ್ ಆಸುಪಾಸಿನ ಮೌಸ್ ಸಾಕು. ಇದೇನು ಕಲ್ಲಿನ ಮೇಲೆ ಕೆತ್ತಿದ ಲೆಕ್ಕವಲ್ಲ, ಹುಡುಕಾಟ ಶುರು ಮಾಡೋಕೆ ಒಂದು ಅಂದಾಜು.

ಆಮೇಲೆ ನೀವು ಮೌಸ್ ಹಿಡಿಯುವುದು ಹೇಗೆ ಅಂತ ಗಮನಿಸಿ. ಕೆಲವರು ಮಗುವಿನ ತಲೆ ಸವರುವ ಹಾಗೆ ಇಡೀ ಅಂಗೈ ಒರಗಿಸುತ್ತಾರೆ. ಅದು ಪಾಮ್ ಗ್ರಿಪ್, ಅದಕ್ಕೆ ಬೆನ್ನು ಉಬ್ಬಿದ ಉದ್ದನೆ ಮೌಸ್ ಬೇಕು. ಕೆಲವರ ಬೆರಳು ಮುದ್ದೆ ಮುರಿಯುವಾಗ ಬಾಗುವ ಹಾಗೆ ಬಾಗಿರುತ್ತದೆ. ಅದು ಕ್ಲಾ ಗ್ರಿಪ್. ಇನ್ನು ಕೆಲವರು ರಂಗೋಲಿ ಪುಡಿ ಹಿಡಿದ ಹಾಗೆ ಬೆರಳ ತುದಿಯಲ್ಲಷ್ಟೇ ಹಿಡಿಯುತ್ತಾರೆ, ಅಂಗೈ ತಾಗುವುದೇ ಇಲ್ಲ. ಇವರಿಗೆ ಚಿಕ್ಕದು, ಹಗುರವಾದದ್ದೇ ಸರಿ. ಅಂಗಡಿಯಲ್ಲಿ ಕೈಯಿಟ್ಟಾಗ ಕಿರುಬೆರಳು ಟೇಬಲ್ ಮೇಲೆ ಉಜ್ಜುತ್ತಿದ್ದರೆ, ಇಲ್ಲವೇ ಪಕ್ಕದ ಬಟನ್‌ಗೆ ಹೆಬ್ಬೆರಳು ಚಾಚಬೇಕಾಗಿ ಬಂದರೆ, ಆ ಮೌಸ್ ಎಷ್ಟೇ ಹೆಸರುವಾಸಿಯಾಗಿರಲಿ, ಬಿಟ್ಟುಬಿಡಿ.

ಎಡಗೈಯವರಿಗೆ ಒಂದು ಮಾತು: ಎರಡೂ ಕಡೆ ಒಂದೇ ಆಕಾರ ಇದೆ ಅಂದ ಮಾತ್ರಕ್ಕೆ ಅದು ನಿಮ್ಮದಲ್ಲ. ಪಕ್ಕದ ಬಟನ್‌ಗಳು ಸಾಮಾನ್ಯವಾಗಿ ಬಲಗೈಯವರ ಹೆಬ್ಬೆರಳಿಗೇ ಇರುತ್ತವೆ.

ಡಿಪಿಐ ಅನ್ನುವ ದೊಡ್ಡ ಅಂಕಿ

ಈಗ ಆ ಹನ್ನೆರಡು ಸಾವಿರದ ಕಥೆ. ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರ್‌ಗೆ ಎಷ್ಟು ಹೆಜ್ಜೆ ಅಂತ ಹೇಳುತ್ತದೋ ಅದೇ ಡಿಪಿಐ. 800 ಡಿಪಿಐ ಇಟ್ಟರೆ, 1920 ಪಿಕ್ಸೆಲ್ ಅಗಲದ ಪರದೆ ದಾಟೋಕೆ ಮೌಸನ್ನು 2.4 ಇಂಚು ಸರಿಸಬೇಕು. 12,000 ಇಟ್ಟರೆ? ನಾಲ್ಕು ಮಿಲಿಮೀಟರ್. ಒಂದು ಅಕ್ಕಿ ಕಾಳಿನಷ್ಟು ಉದ್ದವೂ ಇಲ್ಲ. ಅಷ್ಟು ಸರಿಸಿದರೆ ಬಾಣ ಪರದೆಯ ಆ ತುದಿಗೆ ಹೋಗಿ ಕೂತಿರುತ್ತದೆ. ಇದರಲ್ಲಿ ಯಾರು ಗುರಿ ಹಿಡಿಯುತ್ತಾರೆ?

ಹುಡುಗ ನಂಬಲಿಲ್ಲ. ಅಂಗಡಿಯ ಕಂಪ್ಯೂಟರ್‌ಗೆ ಮೌಸ್ ಹಾಕಿ ಡಿಪಿಐಯನ್ನು ಪೂರ್ತಿ ಮೇಲಕ್ಕೇರಿಸಿ ಅವನ ಕೈಗೆ ಕೊಟ್ಟೆ. ಒಂದು ಫೋಲ್ಡರ್ ತೆರೆಯೋಕೆ ನಾಲ್ಕು ಸಲ ಪ್ರಯತ್ನ ಮಾಡಿ ಸುಮ್ನೆ ನನ್ನ ಮುಖ ನೋಡಿದ.

ಗುರಿಯಿಟ್ಟು ಹೊಡೆಯುವ ಆಟಗಳನ್ನು ಚೆನ್ನಾಗಿ ಆಡುವವರಲ್ಲಿ ಹೆಚ್ಚಿನವರು 400ರಿಂದ 1600ರ ಒಳಗೇ ಇರುತ್ತಾರೆ. ಅಷ್ಟನ್ನು ಕೊಡದ ಮೌಸ್ ಇವತ್ತು ಸಿಗುವುದೇ ಕಷ್ಟ. ಅಗ್ಗದ ಮೌಸ್‌ಗಳಲ್ಲಿ ಇನ್ನೊಂದು ಆಟವೂ ಇದೆ. ಸೆನ್ಸರ್‌ಗೆ ನಿಜವಾಗಿ ಗೊತ್ತಾಗುವುದು ಕಡಿಮೆ, ಅದನ್ನೇ ಒಳಗೊಳಗೆ ಗುಣಿಸಿ ದೊಡ್ಡ ಅಂಕಿ ತೋರಿಸುತ್ತಾರೆ. ಹಾಲಿಗೆ ನೀರು ಬೆರೆಸಿ ಲೀಟರ್ ಲೆಕ್ಕ ಜಾಸ್ತಿ ಮಾಡಿದ ಹಾಗೆ.

ಸೆನ್ಸರ್ ಹೆಸರು ಕೇಳಿ

ಮೌಸ್ ಹೊಟ್ಟೆಯ ತೂತಿನಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಸೆಕೆಂಡಿಗೆ ಸಾವಿರಾರು ಸಲ ಕೆಳಗಿನ ಪ್ಯಾಡ್‌ನ ಫೋಟೊ ತೆಗೆದು, ಹಿಂದಿನದಕ್ಕೆ ಹೋಲಿಸಿ ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತದೆ. ತೀರಾ ಜೋರಾಗಿ ಎಳೆದರೆ ಕೆಲವಕ್ಕೆ ಲೆಕ್ಕ ತಪ್ಪುತ್ತದೆ. ಆಟದಲ್ಲಿ ಎದುರಾಳಿ ಕಡೆ ತಿರುಗೋಕೆ ಹೋಗಿ ಆಕಾಶ ನೋಡುತ್ತಾ ನಿಂತಿರುತ್ತೀರಿ.

ಈ ವೇಗದ ಮಿತಿಯನ್ನು ಐಪಿಎಸ್ ಅಂತ ಬರೆದಿರುತ್ತಾರೆ, ಅಂದರೆ ಸೆಕೆಂಡಿಗೆ ಎಷ್ಟು ಇಂಚು. 60 ಅಂದರೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್. ಕೇಳೋಕೆ ಬಹಳ ಅನಿಸುತ್ತದೆ, ಆದರೆ ಗಾಬರಿಯಲ್ಲಿ ಕೈ ಬೀಸಿದಾಗ ಅದನ್ನು ದಾಟುವುದು ಏನೂ ಕಷ್ಟವಲ್ಲ. 200 ಇದ್ದರೆ ನಿಶ್ಚಿಂತೆ. ಪೆಟ್ಟಿಗೆ ಮೇಲೆ ಡಿಪಿಐ ದಪ್ಪಕ್ಷರದಲ್ಲಿದ್ದು ಐಪಿಎಸ್ ಎಲ್ಲೂ ಇಲ್ಲ ಅಂದರೆ ಅನುಮಾನಪಡಿ.

ಬಹಳಷ್ಟು ಕಂಪನಿಗಳು ತೈವಾನ್‌ನ ಪಿಕ್ಸ್‌ಆರ್ಟ್ ಕಂಪನಿಯ ಸೆನ್ಸರ್ ತಂದು ಹಾಕುತ್ತವೆ. 3327, 3335, 3360 ಈ ಥರದ ನಂಬರ್ ಕಂಡರೆ ಧೈರ್ಯವಾಗಿ ಮುಂದುವರಿಯಬಹುದು. 3395 ಇನ್ನೂ ಮೇಲಿನದು. ಬರೀ "ಪ್ರೊ ಗೇಮಿಂಗ್ ಸೆನ್ಸರ್" ಅಂತಷ್ಟೇ ಇದ್ದರೆ, ಮದುವೆ ಮಾತುಕತೆಯಲ್ಲಿ ಹುಡುಗನಿಗೆ ಒಳ್ಳೆ ಕೆಲಸ ಅಂತ ಹೇಳಿ ಏನು ಕೆಲಸ ಅಂತ ಹೇಳದೆ ಇದ್ದ ಹಾಗೆ.

ಪೋಲಿಂಗ್ ರೇಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 1000 ಹರ್ಟ್ಜ್ ಇದೆಯಾ ನೋಡಿ, ಸಾಕು. ಅಂದರೆ ಮೌಸ್ ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ. ಆಫೀಸಿನ ಸಾಮಾನ್ಯ ಮೌಸ್‌ಗಳದ್ದು 125, ಎಂಟು ಮಿಲಿಸೆಕೆಂಡಿಗೊಮ್ಮೆ. ನಮ್ಮ ಹುಡುಗನ ಮಾನಿಟರ್ 60 ಹರ್ಟ್ಜಿನದು, ಹೊಸ ಚಿತ್ರ ಬರೋದೇ 16.7 ಮಿಲಿಸೆಕೆಂಡಿಗೊಮ್ಮೆ. ಅವನು 8000 ಹರ್ಟ್ಜ್ ಮೌಸ್ ತಂದು ಏನು ಮಾಡುತ್ತಾನೆ?

ಬಟನ್, ಅಲ್ಲೇ ಇರುವುದು ಹುಳ

ಅಗ್ಗದ ಮೌಸ್ ಮೊದಲು ಕೈ ಕೊಡುವುದು ಸೆನ್ಸರ್‌ನಲ್ಲಲ್ಲ, ಎಡಗಡೆ ಬಟನ್‌ನಲ್ಲಿ. ಅದರ ಕೆಳಗಿನ ಸ್ವಿಚ್‌ನಲ್ಲಿ ಒಂದು ತೆಳ್ಳನೆ ಲೋಹದ ಪಟ್ಟಿ ಇರುತ್ತದೆ. ಒತ್ತಿದಾಗ ಅದು ಬಾಗಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ದಿನ ಕಳೆದ ಹಾಗೆ ಆ ಜಾಗ ಕಪ್ಪಿಡುತ್ತದೆ, ಪಟ್ಟಿ ಸೋಲುತ್ತದೆ. ಆಗ ಒಂದೇ ಒತ್ತಿಗೆ ಎರಡು ಸಲ ತಾಗಿದಂತಾಗಿ ಡಬಲ್ ಕ್ಲಿಕ್ ಆಗುತ್ತದೆ. ನನ್ನ 650 ರೂಪಾಯಿಗೆ ಆಗಿದ್ದು ಇದೇ.

ಓಮ್ರಾನ್, ಹುವಾನೊ, ಕೈಲ್ ಇವು ಸ್ವಿಚ್ ತಯಾರಿಸುವ ಪರಿಚಿತ ಹೆಸರುಗಳು. ಪೆಟ್ಟಿಗೆ ಮೇಲೆ ಒಂದು ಕೋಟಿ, ಎರಡು ಕೋಟಿ ಕ್ಲಿಕ್ ಅಂತ ಬರೆದಿರುತ್ತಾರೆ. ಅದನ್ನು ಅಕ್ಷರಶಃ ನಂಬಬೇಡಿ, ಆದರೆ ಸಂಖ್ಯೆಯನ್ನೇ ಹಾಕದವರಿಗಿಂತ ಹಾಕಿದವರು ವಾಸಿ. ಆಪ್ಟಿಕಲ್ ಸ್ವಿಚ್ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಲೋಹ ತಾಗುವ ಬದಲು ಬೆಳಕಿನ ಕಿರಣ ಕೆಲಸ ಮಾಡುತ್ತದೆ, ಹೀಗಾಗಿ ಈ ಥರದ ಡಬಲ್ ಕ್ಲಿಕ್ ಕಾಟ ಇಲ್ಲ. ಎರಡು ಸಾವಿರದೊಳಗೆ ಅಪರೂಪ, ಅಷ್ಟೇ.

ಇನ್ನು ಪಕ್ಕದ ರಬ್ಬರ್ ಹಿಡಿ. ಹೊಸದರಲ್ಲಿ ಮೆತ್ತಗೆ ಹಿತವಾಗಿರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಕೈ ಬೆವತು ಬೆವತು, ಒಂದೆರಡು ವರ್ಷಕ್ಕೆ ಕೆಲವು ರಬ್ಬರ್ ಲೇಪ ಬೆಲ್ಲದ ಪಾಕದ ಹಾಗೆ ಅಂಟತೊಡಗುತ್ತದೆ. ನನಗಂತೂ ಬರೀ ಒರಟು ಪ್ಲಾಸ್ಟಿಕ್ಕೇ ಇಷ್ಟ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ವೈರ್ ಇರಲಿ

ಈ ಬೆಲೆಗೆ ವೈರ್ ಇರುವುದೇ ಜಾಣತನ. ವೈರ್‌ಲೆಸ್‌ನ ಬೇರೆ ಖರ್ಚೆಲ್ಲ ಸೆನ್ಸರ್, ಸ್ವಿಚ್‌ನ ದುಡ್ಡಿನಲ್ಲೇ ಕಡಿತ ಆಗಿರುತ್ತದೆ. ಬೇಕೇ ಬೇಕು ಅಂದರೆ ಪುಟ್ಟ ಯುಎಸ್‌ಬಿ ತುಂಡಿನ ಜೊತೆ ಬರುವ 2.4 ಗಿಗಾಹರ್ಟ್ಜ್ ಮಾದರಿ ತಗೊಳ್ಳಿ. ಬರೀ ಬ್ಲೂಟೂತ್ ಇರುವುದು ಆಟಕ್ಕೆ ನಿಧಾನ. ಲಾಜಿಟೆಕ್ ಜಿ304 ಒಳ್ಳೆ ಮೌಸ್, ಆದರೆ ಸಾಮಾನ್ಯವಾಗಿ ಎರಡು ಸಾವಿರ ದಾಟುತ್ತದೆ. ಪೆನ್ಸಿಲ್ ಸೆಲ್ ಸೇರಿ ತೂಕ 99 ಗ್ರಾಂ, ಅದರಲ್ಲಿ ಸೆಲ್‌ನದ್ದೇ ಇಪ್ಪತ್ತು ಗ್ರಾಂ ಮೇಲೆ.

ವೈರ್ ದಪ್ಪಗಿದ್ದು ಎಳೆಯುತ್ತಿದ್ದರೆ ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಮಾನಿಟರ್ ಕಾಲಿಗೆ ಸಿಕ್ಕಿಸಿ, ವೈರನ್ನು ಅದರೊಳಗಿಂದ ಸ್ವಲ್ಪ ಸಡಿಲ ಬಿಟ್ಟು ಹಾಯಿಸಿ. ಇದೇ ಕೆಲಸಕ್ಕೆ ಅಂಗಡಿಯಲ್ಲಿ ಮೌಸ್ ಬಂಜಿ ಅಂತ ಬೇರೆ ಮಾರುತ್ತಾರೆ.

ನಾವು ಕೊನೆಗೆ ಕೈಯಿಟ್ಟು ನೋಡಿದ್ದು ಎರಡು. ಲಾಜಿಟೆಕ್ ಜಿ102 ಸುಮಾರು 11.7 ಸೆಂಟಿಮೀಟರ್ ಉದ್ದ, 85 ಗ್ರಾಂ. ರೇಜರ್ ಡೆತ್‌ಆಡರ್ ಎಸೆನ್ಷಿಯಲ್ 12.7 ಸೆಂಟಿಮೀಟರ್, 96 ಗ್ರಾಂ, ಬಲಗೈಗೆಂದೇ ಬಾಗಿಸಿದ ಆಕಾರ. ನನ್ನ ಕೈಗೆ ಡೆತ್‌ಆಡರ್ ಹಾಸಿಗೆ ಹಾಸಿದ ಹಾಗಿತ್ತು. ಹುಡುಗನಿಗೆ ದೊಡ್ಡಪ್ಪನ ಅಂಗಿ ತೊಟ್ಟ ಹಾಗೆ. ಅವನು ಜಿ102ಗೆ ಒಪ್ಪಿದ. ಅದರಲ್ಲೂ ಬಣ್ಣದ ಲೈಟ್ ಇತ್ತಲ್ಲ, ಅದೊಂದು ಸಮಾಧಾನ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಸೀಲ್ ಆದ ಪೆಟ್ಟಿಗೆ ಒಡೆಯೋಕೆ ಅಂಗಡಿಯವರು ಒಪ್ಪುವುದಿಲ್ಲ, ಅವರದ್ದೂ ನ್ಯಾಯವೇ. ಡಿಸ್‌ಪ್ಲೇ ಪೀಸ್ ಕೇಳಿ. ದುಡ್ಡು ಕೊಟ್ಟ ಮೇಲೆ ನಿಮ್ಮದನ್ನೇ ಅಲ್ಲೇ ತೆರೆಸಿ.

ಪೇಂಟ್ ತೆರೆದು ಜೋರಾಗಿ ಸುತ್ತು ಸುತ್ತು ಗೀಚಿ. ಗೆರೆ ಎಲ್ಲೂ ಹಾರಬಾರದು. ಆಮೇಲೆ ನಿಧಾನವಾಗಿ, ಬೇಕಂತಲೇ ಸ್ವಲ್ಪ ಸೊಟ್ಟಗೆ ಅಡ್ಡ ಗೆರೆ ಎಳೆಯಿರಿ. ನೀವು ಸೊಟ್ಟ ಎಳೆದರೂ ಅದು ನೆಟ್ಟಗೆ ಬಂದರೆ ಮೌಸ್ ತಾನೇ ತಿದ್ದುತ್ತಿದೆ ಅಂತ ಅರ್ಥ. ಚಿತ್ರ ಬರೆಯೋರಿಗೆ ಉಪಕಾರ, ಗುರಿ ಹಿಡಿಯೋರಿಗೆ ಅಪಕಾರ. ಮೌಸನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನಾದರೂ ಲೊಡಲೊಡ ಅನ್ನುತ್ತಾ? ಚಕ್ರ ಒಂದೊಂದು ಹಲ್ಲಿಗೂ ನಿಲ್ಲಬೇಕು, ಕೆಳಕ್ಕೆ ತಿರುಗಿಸಿದಾಗ ಪುಟ ಒಮ್ಮೆಯೂ ಮೇಲಕ್ಕೆ ಹಾರಬಾರದು.

ಮನೆಯಲ್ಲಿ ಹಳೆ ಸಿಡಿ ಬಿದ್ದಿದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಸಿಡಿ ದಪ್ಪ 1.2 ಮಿಲಿಮೀಟರ್. ಮೌಸಿನ ಎರಡು ಅಂಚಿಗೆ ಒಂದೊಂದು ಸಿಡಿ ಇಟ್ಟು, ಸೆನ್ಸರ್ ತೂತು ಮುಚ್ಚದ ಹಾಗೆ ಎತ್ತರಿಸಿ ಸರಿಸಿ. ಎರಡೆರಡು ಸಿಡಿ ಇಟ್ಟಾಗಲೂ ಬಾಣ ಓಡಾಡುತ್ತಿದ್ದರೆ, ಆಟದಲ್ಲಿ ಮೌಸ್ ಎತ್ತಿ ಇಡುವಾಗಲೆಲ್ಲ ಗುರಿ ಅಲುಗುತ್ತದೆ.

ಉಳಿದ ದುಡ್ಡಿಗೆ ಪ್ಯಾಡ್

ಎರಡು ಸಾವಿರವನ್ನೂ ಮೌಸಿಗೇ ಸುರಿಯಬೇಡಿ. ಮುನ್ನೂರು ರೂಪಾಯಿ ಬಟ್ಟೆ ಪ್ಯಾಡ್‌ಗೆ ಇಡಿ. ಗಾಜಿನ ಟೇಬಲ್ ಮೇಲೆ ಸಾಧಾರಣ ಸೆನ್ಸರ್‌ಗೆ ಕಣ್ಣೇ ಕಾಣುವುದಿಲ್ಲ, ಹೊಳೆಯುವ ಸನ್‌ಮೈಕಾ ಮೇಲೂ ಕಷ್ಟ. ಅಗಲ ಎಷ್ಟಿರಬೇಕು? ವ್ಯಾಲರಂಟ್‌ನಲ್ಲಿ 800 ಡಿಪಿಐ, ಸೆನ್ಸಿಟಿವಿಟಿ (ಮೌಸ್ ಸರಿಸಿದ್ದಕ್ಕೆ ಆಟದಲ್ಲಿ ಎಷ್ಟು ತಿರುಗಬೇಕು ಅನ್ನುವ ಸೆಟ್ಟಿಂಗ್) 0.4 ಇಟ್ಟರೆ ಆಟದೊಳಗೆ ಪೂರ್ತಿ ಒಂದು ಸುತ್ತು ತಿರುಗೋಕೆ ಮೌಸ್ ಸುಮಾರು 41 ಸೆಂಟಿಮೀಟರ್ ಸಾಗಬೇಕು. ಅಂಗೈಯಗಲದ ಪ್ಯಾಡ್ ಏನೇನೂ ಸಾಲದು. ಕೊಳೆಯಾದಾಗ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಆಮೇಲೆ ನೆರಳಲ್ಲಿ ಒಣಗಿಸಿ.

ಮನೆಗೆ ಬಂದ ಮೇಲೆ ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಪಾಯಿಂಟರ್ ಆಪ್ಷನ್ಸ್‌ಗೆ ಹೋಗಿ "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್" ಎದುರಿನ ಟಿಕ್ ತೆಗೆಯಿರಿ. ಹೆಸರು ನೋಡಿ ಮೋಸ ಹೋಗಬೇಡಿ. ಅದಿದ್ದರೆ ಕೈ ಬೀಸಿದ ವೇಗಕ್ಕೆ ತಕ್ಕಂತೆ ಬಾಣ ಹೋಗುವ ದೂರ ಬದಲಾಗುತ್ತದೆ, ಕೈಗೆ ಅಳತೆ ಅಭ್ಯಾಸವಾಗುವುದೇ ಇಲ್ಲ. ಬಿಲ್ಲನ್ನು ಪೆಟ್ಟಿಗೆ ಒಳಗೇ ಹಾಕಿ ಅಟ್ಟಕ್ಕೆ ಸೇರಿಸಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ವಾರದ ಮೇಲೆ ಮಂಡ್ಯದಿಂದ ಫೋನ್ ಬಂತು. "ಮಾಮ, ಮೌಸ್ ಕೆಟ್ಟೋಗದೆ. ಅಪ್ಪ ಪಹಣಿ ನೋಡ್ತೀನಿ ಅಂತ ಕೂತಿತ್ತು, ಆಮೇಲಿಂದ ಬಾಣ ಕೈಗೇ ಸಿಕ್ತಿಲ್ಲ."

ಕೆಟ್ಟಿರಲಿಲ್ಲ. ಭಾವ ಚಕ್ರದ ಹಿಂದಿನ ಪುಟ್ಟ ಬಟನ್ ಒತ್ತಿ ಡಿಪಿಐ ಏರಿಸಿಬಿಟ್ಟಿದ್ದರು. ಜಿ102 ಇದ್ದವರು ಜಿ ಹಬ್ ಸಾಫ್ಟ್‌ವೇರ್‌ಗೆ ಹೋಗಿ 800 ಒಂದನ್ನೇ ಉಳಿಸಿ ಮಿಕ್ಕಿದ್ದೆಲ್ಲ ಅಳಿಸಿದರಾಯಿತು, ಆಮೇಲೆ ಆ ಬಟನ್ ಯಾರು ಒತ್ತಿದರೂ ಏನೂ ಆಗುವುದಿಲ್ಲ. ಸಾಫ್ಟ್‌ವೇರ್ ಇಲ್ಲದ ಮೌಸ್ ಆದರೆ, ಯಾವ ಬಣ್ಣದ ಲೈಟ್‌ಗೆ ಎಷ್ಟು ಡಿಪಿಐ ಅಂತ ಒಂದು ಚೀಟಿ ಬರೆದು ಮಾನಿಟರ್ ಕೆಳಗೆ ಅಂಟಿಸಿ.